ಒಂದು ಒಳಲೆ ಕಾಫಿ

ವಾರಕ್ಕೆ ಎರಡು ಸಲ ನಾನು ತೂಕದ ಯಂತ್ರ ಹತ್ತುತ್ತೇನೆ. ಹುಣಸೂರಿನಲ್ಲಿ ನಾನು ಡಯಾಲಿಸಿಸ್‌ಗೆ ಹೋಗುವ ವಾರ್ಡಿನ ಬಾಗಿಲಲ್ಲೇ ಅದನ್ನು ಇಟ್ಟಿದ್ದಾರೆ. ಚಪ್ಪಲಿ ಬಿಟ್ಟು, ಕೈಚೀಲ ಕೆಳಗಿಟ್ಟು ಅದರ ಮೇಲೆ ನಿಂತರೆ, ಹಿಂದಿನ ಸಲ ಬಂದು ಹೋದಮೇಲೆ ನಾನು ಎಷ್ಟು ನೀರು ಕುಡಿದಿದ್ದೇನೆ ಎಂಬುದು ಎಲ್ಲರೆದುರು ಬಯಲಾಗುತ್ತದೆ. ಕಿಡ್ನಿ ಕೈಕೊಟ್ಟವರಿಗೆ ಕುಡಿದ ನೀರು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ಬೀಡುಬಿಡುತ್ತದೆ. ಹನಗೋಡಿನ ಬಳಿಯ ಶಾಲೆಯಲ್ಲಿ ಇಷ್ಟು ವರ್ಷ ನಾಲ್ಕನೇ ಕ್ಲಾಸಿನ ಮಕ್ಕಳನ್ನು ‘ಹೋಂವರ್ಕ್ ತೋರಿಸಿ’ ಎಂದು ಗದರುತ್ತಿದ್ದವಳು ನಾನು. ಈಗ ಅದೇ ಮಕ್ಕಳ ಮುಖ ಹೊತ್ತು ಆ ಸಾಲಿನಲ್ಲಿ ನಿಲ್ಲುತ್ತೇನೆ.

ನನ್ನ ಕಾಯಿಲೆ ಶುರುವಾದದ್ದು ಚಪ್ಪಲಿಯಿಂದ. ಕಾಲಿಗೆ ಸರಿಯಾಗಿದ್ದ ಚಪ್ಪಲಿ ಬಿಗಿಯಾಯಿತು. ದೊಡ್ಡದು ತಂದೆ, ಅದೂ ಬಿಗಿಯಾಯಿತು. ನನ್ನ ಗಂಡ ಸ್ವಾಮಿಗೌಡರ ಅಕ್ಕ ಪುಟ್ಟತಾಯಮ್ಮ ನಮ್ಮ ಪಕ್ಕದ ಮನೆಯಲ್ಲೇ ಇರುವವರು. ನಾನೂ ಅವರನ್ನು ಅಕ್ಕ ಎಂದೇ ಕರೆಯುತ್ತೇನೆ. "ಈ ವಯಸ್ನಲ್ಲೂ ಕಾಲು ಬೆಳೀತಾವೇನಮ್ಮಿ" ಎಂದು ಅವರು ನಕ್ಕರು. ನಾನೂ ನಕ್ಕೆ. ಮುಖವೂ ಊದಿದಾಗ ಮಾತ್ರ ಯಾರೂ ನಗಲಿಲ್ಲ.

ಮೈಸೂರಿನ ಡಾಕ್ಟರು ರಿಪೋರ್ಟು ನೋಡಿ ವಿಷಯ ಹೇಳಿದಾಗ ನನ್ನ ಗಂಡ ಕೇಳಿದ ಮೊದಲ ಪ್ರಶ್ನೆ, "ಎರಡೂನಾ?" ಡಾಕ್ಟರು ಹೌದೆಂದರು. "ಒಂದಾದ್ರೂ ಇರ್ಬೇಕಲ್ಲಾ ಸಾರ್" ಎಂದು ಇವರು ಅಂಗಡಿಯವನ ಹತ್ತಿರ ಚೌಕಾಸಿ ಮಾಡುವ ಹಾಗೆ ಇನ್ನೊಂದು ಸಲ ಕೇಳಿದರು. ನನಗೆ ಆಗ ಬಂದ ನಗುವಿಗೂ ಅಳುವಿಗೂ ವ್ಯತ್ಯಾಸ ತಿಳಿಯಲಿಲ್ಲ. ವಾಪಸ್ ಬೈಕಿನಲ್ಲಿ ಹೊರಟೆವು. ಬಿಳಿಕೆರೆ ಬಂದಾಗ ಇವರು ಗಾಡಿ ನಿಲ್ಲಿಸಿ, ರಸ್ತೆ ಬದಿಯಲ್ಲಿ ಒಂದು ಎಳನೀರು ಕೊಚ್ಚಿಸಿ ನನ್ನ ಕೈಗೆ ಕೊಟ್ಟು, "ಕುಡಿ, ಕಿಡ್ನಿಗೆ ಬಾಳಾ ಒಳ್ಳೇದು" ಎಂದರು. ಎಳನೀರು ಮುಟ್ಟಲೇಬೇಡಿ, ಅದರಲ್ಲಿರುವ ಪೊಟ್ಯಾಶಿಯಂ ನಿಮ್ಮ ಹೃದಯವನ್ನೇ ನಿಲ್ಲಿಸಬಹುದು ಎಂದು ಡಾಕ್ಟರು ಹೇಳುವಾಗ ಇವರು ಪಕ್ಕದಲ್ಲೇ ಕೂತಿದ್ದರು. ಒಂದು ಅಕ್ಷರವೂ ಕಿವಿಗೆ ಇಳಿದಿರಲಿಲ್ಲ. ನಾನು ಅದನ್ನು ನೆನಪಿಸಿದಾಗ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ಎಳನೀರನ್ನು ಅಂಗಡಿಯವನೇ ಕುಡಿದ.

ಆಮೇಲೆ ಸಲಹೆಗಳ ಸುಗ್ಗಿ ಶುರುವಾಯಿತು. ನಮ್ಮ ಕಡೆ ಯಾರಿಗಾದರೂ ಕಿಡ್ನಿ ಎಂದರೆ ತಕ್ಷಣ ನೆನಪಾಗುವುದು ನೀರು. ‘ಚೆನ್ನಾಗಿ ನೀರು ಕುಡೀರಿ’ ಎಂದವರು, ಬಾರ್ಲಿ ಗಂಜಿ ತಂದುಕೊಟ್ಟವರು, ಬಾಳೆದಿಂಡಿನ ರಸ ಹಿಂಡಿ ಕ್ಯಾನಿನಲ್ಲಿ ಕಳಿಸಿದವರು. ಶಾಲೆಯ ಅಡುಗೆಯವರು ನನ್ನ ಮೇಜಿನ ಮೇಲೆ ದೊಡ್ಡ ಜಗ್ಗಿನಲ್ಲಿ ನೀರು ತುಂಬಿಡತೊಡಗಿದರು. ಎಲ್ಲರದೂ ಪ್ರೀತಿಯೇ. ಆ ಪ್ರೀತಿಯನ್ನೆಲ್ಲ ನಾನು ಕುಡಿದಿದ್ದರೆ ಇದನ್ನು ಬರೆಯಲು ಉಳಿಯುತ್ತಿರಲಿಲ್ಲ.

ಬದುಕುವುದು ಹೇಗೆಂದು ನಿಜವಾಗಿ ಹೇಳಿಕೊಟ್ಟವರು ವಾರ್ಡಿನಲ್ಲಿ ನನ್ನ ಅಕ್ಕಪಕ್ಕದ ಹಾಸಿಗೆಯವರು. ಎಡಗಡೆ ಬಸವಣ್ಣ, ಎಚ್.ಡಿ. ಕೋಟೆ ಕಡೆಯವರು, ಬಸ್ ಓಡಿಸಿ ನಿವೃತ್ತರಾದವರು. ಬಲಗಡೆ ನಸೀಮಾ, ಪಿರಿಯಾಪಟ್ಟಣದಲ್ಲಿ ಬಳೆ ಅಂಗಡಿ ಇಟ್ಟಿರುವವರು. ಡಾಕ್ಟರು ಹೇಳಿದ್ದು ‘ನೀರು ಕಡಿಮೆ ಕುಡೀರಿ’ ಎಂದಷ್ಟೇ. ಕಡಿಮೆ ಕುಡಿಯುವುದು ಹೇಗೆಂದು ಹೇಳಿದ್ದು ಇವರಿಬ್ಬರು. ಬೆಳಗ್ಗೆಯೇ ಇಡೀ ದಿನದ ನೀರನ್ನು ಒಂದು ಬಾಟಲಿಗೆ ತುಂಬಿಕೊಳ್ಳಬೇಕು. ಕಾಫಿ ಕುಡಿದರೆ ಅಷ್ಟೇ ನೀರನ್ನು ಬಾಟಲಿಯಿಂದ ಚೆಲ್ಲಬೇಕು. ಬಾಯಿ ಒಣಗಿದರೆ ಮುಕ್ಕಳಿಸಿ ಉಗಿಯಬೇಕು, ಇಲ್ಲವೇ ಒಂದು ಲವಂಗ ಅಗಿಯಬೇಕು. "ಎಲ್ಲೇ ಊಟಕ್ಕೆ ಕೂತ್ರೂ ಮೊದ್ಲು ಲೋಟ ಬೋರ್ಲು ಹಾಕ್ಬುಡಿ ಮೇಡಂ" ಎನ್ನುತ್ತಿದ್ದರು ಬಸವಣ್ಣ. "ಎದ್ರಿಗೆ ನೀರು ಕಾಣ್ತಾ ಇದ್ರೆ ಕೈ ಸುಮ್ನಿರಲ್ಲ." ನಾನು ವಾರ್ಡಿಗೆ ಕಾಲಿಡುತ್ತಲೇ ತೂಕದ ಯಂತ್ರದ ಮೇಲೆ ಏನು ಬರುತ್ತದೆ ಎಂದು ಇಬ್ಬರೂ ಕತ್ತು ಚಾಚಿ ನೋಡುತ್ತಿದ್ದರು.

ಅವರ ಮಾತನ್ನು ಮೊದಲ ಸಲ ಮೀರಿದ್ದು ಗೌರಿ ಹಬ್ಬದಲ್ಲಿ. ಒಬ್ಬಟ್ಟಿನ ಸಾರು, ಪಾನಕ, ಬಂದವರ ಜೊತೆ ಕಾಫಿ. ಮಾರನೇ ದಿನ ಮಲಗಿದರೆ ಉಸಿರು ಕಟ್ಟುತ್ತಿತ್ತು. ಎದೆಯೊಳಗೆ ನೀರು ತುಂಬಿ, ಕಾರಿನಲ್ಲಿ ನೆಟ್ಟಗೆ ಕೂತು, ಕಿಟಕಿಗೆ ಬಾಯಿ ಕೊಟ್ಟುಕೊಂಡು ಮೈಸೂರಿಗೆ ಹೋದೆ. ಒಣ ನೆಲದಲ್ಲಿ ಮುಳುಗುವುದೆಂದರೆ ಏನೆಂದು ಅವತ್ತು ಗೊತ್ತಾಯಿತು. ಆ ಭಯ ಈಗಲೂ ಹೋಗಿಲ್ಲ.

ಹೀಗಿರುವಾಗ ಮಗಳು ಕಾವ್ಯಳ ಮದುವೆ ಗೊತ್ತಾಯಿತು. ಹುಡುಗ ಪಿರಿಯಾಪಟ್ಟಣದವನು, ಅಲ್ಲೇ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಬೀಗರಿಗೆ ನನ್ನ ಕಾಯಿಲೆ ಮೊದಲೇ ಹೇಳಿದ್ದೆವು, ಅವರು ತಲೆ ಕೆಡಿಸಿಕೊಳ್ಳಲಿಲ್ಲ. ತೊಂದರೆಯಿದ್ದದ್ದು ಕರೆಯುವುದರಲ್ಲಿ. ನಮ್ಮಲ್ಲಿ ಲಗ್ನಪತ್ರಿಕೆಯನ್ನು ಫೋನಿನಲ್ಲಿ ಕಳಿಸಿದರೆ ಅದು ಸುದ್ದಿ, ಕರೆಯಲ್ಲ. ಹೆಣ್ಣಿನ ತಾಯಿ ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋಗಬೇಕು, ಕೂರಬೇಕು, ಕೊಟ್ಟದ್ದನ್ನು ಕುಡಿಯಬೇಕು. ಲೋಟವನ್ನು ತುಳುಕುವ ಹಾಗೆ ತುಂಬಿಸಿ ಕೊಡುವುದು ಮರ್ಯಾದೆ, ಖಾಲಿ ಮಾಡುವುದು ಪ್ರತಿಮರ್ಯಾದೆ. ‘ಅವರ ಮನೇಲಿ ನೀರು ಮುಟ್ಟಲಿಲ್ಲ’ ಎಂದರೆ ಎರಡು ಮನೆಗೂ ಹಗೆ ಎಂದು ಊರು ತಿಳಿಯುತ್ತದೆ. ಹನಗೋಡು, ಗುರುಪುರ, ಬಿಳಿಕೆರೆ, ಕೆ.ಆರ್. ನಗರ, ಎಲ್ಲ ಕಡೆಯೂ ನಮ್ಮ ನೆಂಟರು.

ವಾರ್ಡಿನ ಡಾಕ್ಟರಮ್ಮ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರಿರಬಹುದು. ವಿಷಯ ಕೇಳಿ ಪೆನ್ನು ಕೆಳಗಿಟ್ಟರು. "ಪ್ರಮೀಳಮ್ಮ, ಮದುವೆ ದಿನ ನಿಮಗೆ ಮಂಟಪದಲ್ಲಿ ಜಾಗ ಬೇಕೋ, ಮೈಸೂರಿನ ಐಸಿಯುನಲ್ಲಿ ಬೇಕೋ? ಅದನ್ನ ನಿಮ್ಮ ಲೋಟ ತೀರ್ಮಾನ ಮಾಡುತ್ತೆ" ಎಂದರು.

ನನಗೆ ಮಂಟಪವೇ ಬೇಕಿತ್ತು. ಮಗಳನ್ನು ಧಾರೆಯೆರೆದು ಕೊಡುವಾಗ ಚೊಂಬು ನನ್ನ ಕೈಯಲ್ಲಿರಬೇಕಿತ್ತು. ನಾನಿಲ್ಲದಿದ್ದರೆ ಶಾಸ್ತ್ರವೇನೂ ನಿಲ್ಲುವುದಿಲ್ಲ, ಅಕ್ಕನೋ ಇನ್ಯಾರೋ ಎರೆಯುತ್ತಾರೆ. ನಿಲ್ಲುವುದಿಲ್ಲ ಎಂಬುದೇ ನನ್ನ ಹೊಟ್ಟೆಯುರಿಯಾಗಿತ್ತು.

ವಾರ್ಡಿನಲ್ಲಿ ಸಭೆ ಸೇರಿತು. ಮೂವರೂ ಮಲಗಿಕೊಂಡೇ, ಕೈಗೆ ಕೊಳವೆ ಸಿಕ್ಕಿಸಿಕೊಂಡೇ ಮಾತಾಡಿದೆವು. "ನಿಜ ಹೇಳ್ಬುಡಿ ಮೇಡಂ, ಯಾಕೆ ಮುಚ್ಚುಮರೆ" ಎಂದರು ಬಸವಣ್ಣ. ನಸೀಮಾಗೆ ಅದು ಒಪ್ಪಿಗೆಯಾಗಲಿಲ್ಲ. "ನಿಜ ಹೇಳಿದ್ರೆ ಇನ್ನೂ ಎರಡು ಲೋಟ ಜಾಸ್ತಿ ಕುಡಿಸ್ತಾರೆ. ನಮ್ಮಲ್ಲಾದ್ರೆ ರೋಜಾ, ಉಪವಾಸ ಇದೀನಿ ಅಂದ್ರೆ ಮುಗೀತು, ಯಾರೂ ಒಂದು ತೊಟ್ಟು ನೀರಿಗೂ ಬಲವಂತ ಮಾಡಲ್ಲ" ಎಂದರು. ಅವತ್ತು ನನ್ನ ಜೊತೆಗೆ ಬಂದು ಮೂಲೆಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅಕ್ಕ ಆ ಮಾತಿಗೆ ಕಣ್ಣು ಬಿಟ್ಟರು. ನಾನು ಅದನ್ನು ಗಮನಿಸಬೇಕಿತ್ತು.

ಕರೆಯಲು ಹೊರಟದ್ದು ನಾನು ಮತ್ತು ಅಕ್ಕ. ಮೊದಲ ಮನೆ ಹನಗೋಡಿನಲ್ಲಿ. ಬಸವಣ್ಣನ ಮಾತಿಗೆ ಬೆಲೆ ಕೊಟ್ಟು ನಾನು ನಿಜವನ್ನೇ ಹೇಳಿದೆ. "ಕಿಡ್ನಿ ತೊಂದರೆ ಇದೆ ಕಣಕ್ಕ, ಕಾಫಿ ಬೇಡ." ಮನೆಯಾಕೆಯ ಮುಖ ಕರಗಿಹೋಯಿತು. "ಅಯ್ಯೋ, ಮೊದ್ಲೇ ಯೋಳ್ಬಾರ್ದಾ" ಎಂದು ಒಳಗೆ ಹೋದವರು ಕಾಫಿ ಲೋಟ ವಾಪಸ್ ಇಟ್ಟು, ಒಂದು ಚೊಂಬು ತುಂಬ ಜೀರಿಗೆ ನೀರು ತಂದರು. ಅವರ ಮೈದುನನಿಗೆ ಕಿಡ್ನಿಯಲ್ಲಿ ಕಲ್ಲಾದಾಗ ಇದನ್ನೇ ಕುಡಿದು ವಾಸಿಯಾಯಿತಂತೆ. ನಾನು ನಾಲ್ಕು ಗುಟುಕು ಕುಡಿದು ಎದ್ದೆ. ಹೊರಗೆ ಬಂದ ಕೂಡಲೇ ಅಕ್ಕ ಬೈದರು. "ಕುಂಕುಮದ ಬಟ್ಲು ಕೈಲಿ ಇಟ್ಕೊಂಡು ಕಾಯ್ಲೆ ಮಾತು ಆಡ್ತಾರಾ? ಅಪಶಕುನ ಕಣಮ್ಮಿ. ಇನ್ಮೇಲೆ ನೀನು ಬಾಯಿ ಬುಡ್ಬ್ಯಾಡ, ನಾನು ನೋಡ್ಕತೀನಿ."

ಎರಡನೇ ಮನೆಯಲ್ಲಿ ಅವರು ನೋಡಿಕೊಂಡರು. ಕಾಫಿ ಬರುತ್ತಿದ್ದಂತೆ ಕೈ ಅಡ್ಡ ಹಿಡಿದು, "ಅವ್ಳು ಹರಕೆ ಹೊತ್ತವ್ಳೆ. ಮದ್ವೆ ಮುಗಿಯೋಗಂಟ ಕಾಫಿ ಟೀ ಮುಟ್ಟಂಗಿಲ್ಲ. ಅವ್ಳದ್ದೂ ನಂಗೇ ಕೊಡಿ" ಎಂದರು. ನಾನು ಬೆಪ್ಪಾಗಿ ಕೂತೆ. ಮನೆಯವರು ಮಾತ್ರ ನನ್ನನ್ನು ಬೇರೆಯೇ ಕಣ್ಣಿನಿಂದ ನೋಡಿದರು. ಅಕ್ಕ ಎರಡು ಲೋಟ ಕಾಫಿ ಕುಡಿದು, ತೃಪ್ತಿಯಿಂದ ತೇಗಿ, ನನ್ನತ್ತ ನೋಡಿ ಹುಬ್ಬು ಹಾರಿಸಿದರು.

ಮೂರನೇ ಮನೆಯಲ್ಲೂ ಹೀಗೇ ಸುಸೂತ್ರವಾಯಿತು. ನಾಲ್ಕನೇ ಮನೆಯಲ್ಲೂ ಆಯಿತು. ಅಕ್ಕ ಪ್ರತಿ ಮನೆಯಲ್ಲೂ ಎರಡು ಲೋಟ ಕುಡಿದು, ಪ್ರತಿ ಮನೆಯ ಹಿತ್ತಲಿಗೂ ಒಮ್ಮೆ ಹೋಗಿ ಬರಬೇಕಾಯಿತು ಎಂಬುದನ್ನು ಬಿಟ್ಟರೆ ಬೇರೇನೂ ತೊಂದರೆಯಿರಲಿಲ್ಲ. ನಸೀಮಾಗೆ ಮನಸ್ಸಿನಲ್ಲೇ ವಂದಿಸಿದೆ.

ಆದರೆ ಹರಕೆಯ ಸುದ್ದಿ ನಮ್ಮ ಆಟೋಗಿಂತ ಮೊದಲು ಗುರುಪುರ ತಲುಪಿತ್ತು. ಅಲ್ಲಿ ನನ್ನ ಗಂಡನ ಚಿಕ್ಕಪ್ಪನ ಮಗನ ಮನೆ. ಒಳಗೆ ಕಾಲಿಟ್ಟರೆ ಹೊಸ ಚಾಪೆ ಹಾಸಿದೆ. ಅದರ ಮುಂದೆ ತಟ್ಟೆಯಲ್ಲಿ ಬಾಳೆಹಣ್ಣಿನ ಚಿಪ್ಪು, ಲೋಟದಲ್ಲಿ ಬಿಸಿ ಹಾಲು, ಪಕ್ಕದಲ್ಲಿ ಕೆತ್ತಿಟ್ಟ ಎಳನೀರು. "ಹರಕೆಯೋರು ಕಾಫಿ ಮುಟ್ಟಲ್ವಂತಲ್ಲಾ. ಈಗಷ್ಟೇ ಮರದಿಂದ ಕೆಡವ್ಸಿದ್ದು, ಕುಡೀರಿ" ಎಂದರು ಮನೆಯಾಕೆ. ನನಗೆ ಅಕ್ಕನ ಕತ್ತು ಹಿಚುಕುವಷ್ಟು ಕೋಪ ಬಂತು. ಕಾಫಿ ಬೇಡವೆನ್ನಲು ಹರಕೆ ಬಂತು, ಹಣ್ಣು ಹಾಲು ಎಳನೀರು ಬೇಡವೆನ್ನಲು ಏನು ಹೇಳುವುದು? ಅವು ಬೇಡವೆನ್ನುವ ಹರಕೆಯನ್ನು ನಮ್ಮ ಕಡೆ ಯಾರೂ ಹೊತ್ತಿಲ್ಲ. ಅಕ್ಕ ನನ್ನ ಪಾಲಿನ ಹಾಲು ಕುಡಿಯಲು ಕೈ ಚಾಚಿದರು. ಹರಕೆಯವರ ಹಾಲನ್ನು ಬೇರೆಯವರು ಎಂಜಲು ಮಾಡಬಾರದೆಂದು ಮನೆಯವರೇ ತಡೆದರು.

ಎಲ್ಲರೂ ಸುತ್ತ ನಿಂತು ನೋಡುತ್ತಿದ್ದರು. ಎಳನೀರನ್ನು ತುಟಿಗೆ ಮುಟ್ಟಿಸಿ ಇಟ್ಟುಬಿಡೋಣವೆಂದು ಎತ್ತಿದೆ. ಎಷ್ಟೋ ತಿಂಗಳ ಮೇಲೆ ನಾಲಿಗೆಗೆ ಬಿದ್ದ ರುಚಿ. ಕೈ ಕೆಳಗೆ ಇಳಿಯಲಿಲ್ಲ. ಎರಡು ಗುಟುಕು ಹೋಯಿತು, ಅರ್ಧ ಬಾಳೆಹಣ್ಣೂ ಹೋಯಿತು. ಅಷ್ಟರಲ್ಲಿ ಎದುರು ಮನೆಯಾಕೆ ತನ್ನ ಮಗನ ರಟ್ಟೆ ಹಿಡಿದು ಎಳೆದು ತಂದರು. "ಇವುನ್ಗೂ ಒಂದು ಎಣ್ಣು ಸಿಗ್ಲಿ ಅಂತ ಅನ್ನವ್ವ. ಹರಕೆಯೋರ ಬಾಯಲ್ಲಿ ಬಂದ್ರೆ ಆಯ್ತದೆ." ಆ ಗಂಡಸು ಟಿಬೆಟಿಯನ್ ಕ್ಯಾಂಪಿನ ಹತ್ತಿರ ಟೀ ಅಂಗಡಿ ಇಟ್ಟವನು, ಪಾಪ, ನಾಚಿಕೆಯಿಂದ ನೆಲ ನೋಡುತ್ತಿದ್ದ. ಸಿಗಲಪ್ಪ ಎಂದೆ. ಆ ಓಣಿಯಲ್ಲೇ ಇನ್ನೂ ಎರಡು ಮನೆಯಲ್ಲಿ ಎಳನೀರು ಕಾಯುತ್ತಿತ್ತು.

ಮಾರನೇ ದಿನ ನನ್ನ ಡಯಾಲಿಸಿಸ್ ಸರದಿ. ತೂಕದ ಯಂತ್ರ ಹತ್ತಿದೆ. ಬಸವಣ್ಣ ಕತ್ತು ಚಾಚಿ ನೋಡಿದವರು ಗೋಡೆ ಕಡೆ ಹೊರಳಿದರು. ಬೈದಿದ್ದರೆ ಸುಖವಾಗಿರುತ್ತಿತ್ತು. ಕಾಲಿನಲ್ಲಿ ಶಕ್ತಿಯೇ ಇಲ್ಲ ಎಂದು ನಾನು ಹೇಳಿದಾಗ ಡಾಕ್ಟರಮ್ಮ ಓಡಿಬಂದರು. ಎದೆಗೆ ವೈರುಗಳನ್ನು ಅಂಟಿಸಿದರು, ರಕ್ತ ತೆಗೆದರು, ಹೃದಯ ನಿಲ್ಲದಿರಲೆಂದು ಒಂದು ಇಂಜೆಕ್ಷನ್ ಕೊಟ್ಟರು. ಮೇಲೆ ಫ್ಯಾನು ತಿರುಗುವುದನ್ನು ನೋಡುತ್ತಾ, ನನ್ನ ಮಗಳ ಧಾರೆಗೆ ಅಕ್ಕ ಯಾವ ಸೀರೆ ಉಡಬಹುದು ಎಂದು ಯೋಚಿಸಿದೆ. ಅವರಿಗೊಂದು ಒಳ್ಳೆಯ ಸೀರೆಯೂ ಇಲ್ಲ. ಅಷ್ಟು ಹೆದರಿಕೆ ನನಗೆ ಗೌರಿ ಹಬ್ಬದಲ್ಲೂ ಆಗಿರಲಿಲ್ಲ.

ಸುಧಾರಿಸಿಕೊಂಡ ಮೇಲೆ ನಸೀಮಾಗೆ ಎಲ್ಲ ಕಥೆ ಹೇಳಿದೆ. ಅವರು ಹಣೆ ಚಚ್ಚಿಕೊಂಡರು. "ನಮ್ಮ ಉಪವಾಸದಲ್ಲಿ ನೀರೂ ಇಲ್ಲ ಟೀಚರಮ್ಮ. ನಿಮ್ಮ ಉಪವಾಸದಲ್ಲಿ ಊಟ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಇದೆ. ಅರ್ಧ ಮಾತು ಕೇಳ್ಕೊಂಡು ಹೋದ್ರೆ ಹಿಂಗೇ ಆಗೋದು" ಎಂದರು. ಬಸವಣ್ಣ ಗೋಡೆಯ ಕಡೆಯಿಂದಲೇ ಬಾಯಿಬಿಟ್ಟರು. "ರಾಂಗ್ ರೂಟಲ್ಲಿ ಹೋಗಿ ಪೂರಾ ಊರು ಸುತ್ತಿದ್ದಾಯ್ತು. ಈಗ ನಿಜಾನೇ ಹೇಳಿ ಮೇಡಂ, ಆದ್ರೆ ಪೂರ್ತಿ ಹೇಳಿ. ಕಿಡ್ನಿ ಅಂತ ಅಂದು ನಿಲ್ಲುಸ್ಬ್ಯಾಡಿ. ನೀರು ಕುಡುದ್ರೆ ಸಾಯ್ತೀನಿ ಅನ್ನಿ."

ಇನ್ನು ಉಳಿದದ್ದರಲ್ಲಿ ಅತಿ ಕಷ್ಟದ ಮನೆಯೆಂದರೆ ಬಿಳಿಕೆರೆಯ ನಿಂಗಮ್ಮ ದೊಡ್ಡವ್ವನದು. ದೊಡ್ಡವ್ವ ನನ್ನ ಗಂಡನ ದೊಡ್ಡಪ್ಪನ ಹೆಂಡತಿ. ತಾಯಿಯಿಲ್ಲದ ಇವರನ್ನೂ ಅಕ್ಕನನ್ನೂ ಸಾಕಿದವರು ಅವರೇ. ಯಾರೋ ನೆಂಟರು ಅವರ ಮನೆಯಲ್ಲಿ ಅರ್ಧ ಲೋಟ ಕಾಫಿ ಬಿಟ್ಟು ಎದ್ದರೆಂದು ದೊಡ್ಡವ್ವ ಆ ನೆಂಟರ ಮನೆಯ ಬಾಗಿಲಿಗೆ ಇವತ್ತಿಗೂ ಕಾಲಿಟ್ಟಿಲ್ಲ. ಅವರು ಬಾರದಿದ್ದರೆ ಕೆ.ಆರ್. ನಗರದವರೆಗಿನ ಒಂದು ಇಡೀ ಕವಲು ಮದುವೆಗೆ ಬರುವುದಿಲ್ಲ. ಅಕ್ಕ ಕಾಫಿಯ ದೆಸೆಯಿಂದ ಹೊಟ್ಟೆಯುರಿ ಹತ್ತಿ ಮಲಗಿದ್ದರಿಂದ ನನ್ನ ಗಂಡನ ಜೊತೆ ಹೋದೆ.

ದೊಡ್ಡವ್ವ ಜಗಲಿಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾವು ಕೂರುವ ಮೊದಲೇ ಕೇಳಿದರು. "ಅದೇನೋ ಹರಕೆ ಹೊತ್ತಿದ್ದೀಯಂತೆ. ಯಾವ ದ್ಯಾವ್ರಿಗೆ?"

ನಾನು ಗಂಡನ ಮುಖ ನೋಡಿದೆ. ಅವರು ಸೂರಿನ ಹೆಂಚು ನೋಡಿದರು.

"ಈ ಮನೆತನ್ದಲ್ಲಿ ನಂಗೆ ಗೊತ್ತಿಲ್ದಂಗೆ ಯಾವ ಹರಕೆನೂ ಇಲ್ಲ ಕಣವ್ವ. ಇರೋ ಹರಕೆನೆಲ್ಲಾ ಹೊತ್ತೋಳು ನಾನು. ಯೋಳು."

ಕುಂಕುಮದ ಬಟ್ಟಲು ನನ್ನ ಮಡಿಲಲ್ಲೇ ಇತ್ತು. ಅಪಶಕುನವಾದರೆ ಆಗಲಿ ಎಂದುಕೊಂಡೆ. "ಹರಕೆ ಯಾವುದೂ ಇಲ್ಲ ದೊಡ್ಡವ್ವ. ನನ್ನ ಎರಡು ಕಿಡ್ನಿನೂ ಹೋಗಿವೆ. ಕುಡಿದ ನೀರು ಆಚೆಗೆ ಹೋಗಲ್ಲ, ಎದೆಗೆ ತುಂಬ್ಕೊಳ್ಳುತ್ತೆ. ಎಳನೀರು, ಬಾಳೆಹಣ್ಣು ನಂಗೆ ವಿಷ. ಹಿಂಗೇ ಮನೆಮನೇಲಿ ಕುಡೀತಾ ಹೋದ್ರೆ ಮದುವೆ ಹೊತ್ತಿಗೆ ನಾನಿರಲ್ಲ. ನಂಗೆ ಮಗಳ ಧಾರೆ ಎರೀಬೇಕು, ಅಷ್ಟೇ" ಎಂದೆ.

ದೊಡ್ಡವ್ವನ ಕೈಯಲ್ಲಿ ಅವರೆಕಾಯಿ ಹಾಗೇ ನಿಂತಿತು. ಅಯ್ಯೋ ಎನ್ನಲಿಲ್ಲ, ಬಾರ್ಲಿ ನೀರು ಎನ್ನಲಿಲ್ಲ. "ದಿನಕ್ಕೆ ಎಷ್ಟು ಕುಡೀಬೋದು?" ಎಂದರು. ಕೈಚೀಲದಿಂದ ಬಾಟಲಿ ತೆಗೆದು ತೋರಿಸಿದೆ.

"ಕಾಫಿನೂ ಸೇರ್ಸಿ?"

"ಕಾಫಿ, ಮಜ್ಜಿಗೆ, ಸಾರು, ಎಲ್ಲಾ ಸೇರಿಸಿ."

"ಸಾರಿಲ್ದೆ ಮುದ್ದೆ ಎಂಗವ್ವ ನುಂಗ್ತೀಯ?"

ಇಷ್ಟು ದಿನದಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಒಣ ಮುದ್ದೆಯ ತುತ್ತು ಗಂಟಲಲ್ಲಿ ನಿಂತು, ಬಾಟಲಿ ಕಡೆ ನೋಡಿ, ನೀರು ಕುಡಿಯದೆ ಹಾಗೇ ನೂಕಿದ ಊಟಗಳೆಲ್ಲ ನೆನಪಾದವು. ನಾನು ಅತ್ತುಬಿಟ್ಟೆ. ದೊಡ್ಡವ್ವ ಸಮಾಧಾನ ಮಾಡಲಿಲ್ಲ, ಎದ್ದು ಒಳಗೆ ಹೋದರು. ಒಳಗಿನಿಂದ ಪಾತ್ರೆಗಳು ಉರುಳುವ ಸದ್ದು ಬಂತು.

"ಕ್ವಾಪ ಬಂತು ಅಂತ ಕಾಣುತ್ತೆ" ಎಂದರು ನನ್ನ ಗಂಡ ಮೆಲ್ಲಗೆ. "ಪಾತ್ರೆ ಎತ್ತಿ ಹಾಕ್ತಾವ್ರೆ."

ಸದ್ದು ನಿಂತು ಬಹಳ ಹೊತ್ತಿನ ಮೇಲೆ ಕಾಫಿಯ ಪರಿಮಳ ಬಂತು. ಇಷ್ಟು ಹೇಳಿದ ಮೇಲೂ ಕಾಫಿಯೇ? ದೊಡ್ಡವ್ವ ಹೊರಗೆ ಬಂದರು. ಅವರ ಕೈಯಲ್ಲಿ ಲೋಟವಿರಲಿಲ್ಲ. ಹುಣಸೆಹಣ್ಣು ಹಾಕಿ ಆಗಷ್ಟೇ ಉಜ್ಜಿದ, ಫಳಫಳ ಹೊಳೆಯುವ ಒಂದು ಹಿತ್ತಾಳೆಯ ಒಳಲೆಯಿತ್ತು. ಎಳೆ ಮಕ್ಕಳಿಗೆ ಹಾಲು ಹಾಕುತ್ತಾರಲ್ಲ, ಅಂಗೈಯಲ್ಲಿ ಅಡಗುವ, ಒಂದು ಕಡೆ ಕೊಕ್ಕಿರುವ ಪುಟ್ಟ ಬಟ್ಟಲು, ಅದು. ಅದರ ಅಂಚಿನವರೆಗೆ ಕಾಫಿ ತುಂಬಿತ್ತು. ಹನಿ ತುಳುಕಿ ದೊಡ್ಡವ್ವನ ಬೆರಳ ಮೇಲೆ ಇಳಿಯುತ್ತಿತ್ತು.

"ಬಂದೋರ್ಗೆ ಅರೆ ಲೋಟ ಕೊಟ್ಟ ಮನೆ ಅಲ್ಲ ಇದು. ತುಂಬ್ಸಿ ಕೊಟ್ಟಿವ್ನಿ. ಉಳ್ಸಂಗಿಲ್ಲ, ಕುಡಿ" ಎಂದರು.

ಐವತ್ತು ದಾಟಿದ ಹೆಂಗಸು ನಾನು. ತಲೆ ಹಿಂದಕ್ಕೆ ಎತ್ತಿ, ಒಳಲೆಯ ಕೊಕ್ಕನ್ನು ತುಟಿಗೆ ಇಟ್ಟುಕೊಂಡು ಕಾಫಿ ಕುಡಿದೆ. ಬೆಲ್ಲದ ಕಾಫಿ, ಹೊಗೆಯ ವಾಸನೆ ಸ್ವಲ್ಪ ಇತ್ತು. ಅಷ್ಟು ಒಳ್ಳೆಯ ಕಾಫಿಯನ್ನು ನಾನು ಆಮೇಲೆ ಕುಡಿದಿಲ್ಲ. ನನ್ನ ಗಂಡ ನಗು ತಡೆಯಲಾರದೆ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡರು. "ನೀನು ನಗ್ಬ್ಯಾಡ ಕಣ್ಲಾ" ಎಂದರು ದೊಡ್ಡವ್ವ. "ಇದ್ರಲ್ಲೇ ನಿಂಗೆ ಹಾಲು ಹಾಕಿದ್ದು. ಅರ್ಧ ನನ್ ಮ್ಯಾಲೇ ಉಗೀತಿದ್ದೆ. ಅವ್ಳು ಒಂದು ತೊಟ್ಟೂ ಚೆಲ್ಲಿಲ್ಲ."

ಆಮೇಲೆ ನನ್ನ ಗಂಡನ ಕೈಯಲ್ಲಿ ಫೋನು ಹಚ್ಚಿಸಿದರು. ಮೊದಲ ಕರೆ ಅಕ್ಕನಿಗೆ. "ಏನಮ್ಮಿ ಪುಟ್ತಾಯಿ, ಹರಕೆ ಪೂಜಾರಮ್ಮ ಆಗಿದ್ದೀಯಂತೆ" ಎಂದು ಶುರುವಾದದ್ದು ಬಹಳ ಹೊತ್ತು ನಡೆಯಿತು. ಉಳಿದ ಮನೆಗಳಿಗೆ ಮಾತು ಚುಟುಕಾಗಿತ್ತು. "ಪ್ರಮೀಳಾ ಬತ್ತಾವ್ಳೆ. ಒಳಲೆ ಉಜ್ಜಿ ಮಡಗು. ಅದ್ರಲ್ಲಿ ತುಂಬ್ಸಿ ಕೊಡು, ಒಂದೇ ಸತಿ. ಎಳ್ನೀರು ಕೊಟ್ಟೋರು ನನ್ ಮನೆ ಬಾಗ್ಲು ತುಳೀಬ್ಯಾಡಿ."

ಆಮೇಲಿನ ದಿನಗಳಲ್ಲಿ ನೆಂಟರ ಅಟ್ಟದ ಸಾಮಾನೆಲ್ಲ ಕೆಳಗಿಳಿಯಿತು. ಎಷ್ಟೋ ವರ್ಷದಿಂದ ಮೂಲೆ ಸೇರಿದ್ದ ಒಳಲೆಗಳು ಹೊರಗೆ ಬಂದವು. ಹಿತ್ತಾಳೆಯದು, ಬೆಳ್ಳಿಯದು, ಒಂದು ಮನೆಯಲ್ಲಿ ಕೊಕ್ಕು ಮುರಿದದ್ದು. ಕೆ.ಆರ್. ನಗರದ ಒಬ್ಬರು ತಮ್ಮದು ಬೆಳ್ಳಿಯದೆಂದು ನಾಲ್ಕು ಸಲ ಹೇಳಿದರು. ಒಳಲೆ ಇಲ್ಲದ ಹೊಸ ಮನೆಯೊಂದರಲ್ಲಿ ಮಗುವಿನ ಕೆಮ್ಮಿನ ಔಷಧಿಯ ಮುಚ್ಚಳವನ್ನು ತೊಳೆದು ತುಂಬಿಸಿ ಕೊಟ್ಟರು, ಕಾಫಿಯಲ್ಲಿ ಔಷಧಿಯ ವಾಸನೆ ಬಂತು, ಆದರೂ ಉಳಿಸಲಿಲ್ಲ. ದಿನಕ್ಕೆ ಇಷ್ಟೇ ಮನೆ ಎಂದು ನಸೀಮಾ ಲೆಕ್ಕ ಹಾಕಿ ಕಟ್ಟುಮಾಡಿದ್ದರು. ಕುಡಿದಷ್ಟನ್ನು ಬಾಟಲಿಯಿಂದ ಆಯಾ ಮನೆಯ ತುಳಸಿಗೇ ಎರೆದು ಬರುತ್ತಿದ್ದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಹರಕೆಯ ನಂಬಿಕೆ ಮಾತ್ರ ಗುರುಪುರದಲ್ಲಿ ಹೋಗಲಿಲ್ಲ, ಯಾಕೆಂದರೆ ಆ ಟೀ ಅಂಗಡಿಯವನಿಗೆ ನಿಜವಾಗಿಯೂ ಹೆಣ್ಣು ಗೊತ್ತಾಯಿತು.

ಮುಂದಿನ ಸಲ ತೂಕದ ಯಂತ್ರ ಹತ್ತಿದಾಗ ಬಸವಣ್ಣ ಹಾಸಿಗೆಯಿಂದ ಎದ್ದೇ ಬಂದು ನೋಡಿದರು. "ಪಾಸು" ಎಂದು ಹೇಳಿ ಹೋಗಿ ಮಲಗಿದರು. ನಾನು ಇಬ್ಬರಿಗೂ ಕುಂಕುಮದ ಬಟ್ಟಲು ಹಿಡಿದುಕೊಂಡೇ ಹೋಗಿ ಪತ್ರಿಕೆ ಕೊಟ್ಟೆ. ಕುಡಿಯಲು ನನಗೆ ಅವರೂ ಏನೂ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಬಳೆ ಶಾಸ್ತ್ರಕ್ಕೆ ನಸೀಮಾನೇ ಬಂದರು. ಡಯಾಲಿಸಿಸ್‌ನ ಸೂಜಿ ಚುಚ್ಚುವ ನನ್ನ ಎಡಗೈಗೆ ಬಳೆ ತೊಡಿಸುವಂತಿಲ್ಲ. ಬೋಳುಗೈ ಎಂದು ಯಾರಾದರೂ ಬಾಯಿ ತೆರೆಯುವ ಮೊದಲೇ ಅವರು ಬಲಗೈಗೆ ಎರಡು ಕೈಯ ಬಳೆಯನ್ನೂ ತೊಡಿಸಿ, "ಇದು ಈಗಿನ ಫ್ಯಾಷನ್ನು" ಎಂದರು. ಬೀಗರ ಕಡೆಯ ಇಬ್ಬರು ಹುಡುಗಿಯರು ತಮಗೂ ಹಾಗೇ ತೊಡಿಸಿರೆಂದು ಕೈ ನೀಡಿದರು.

ಮದುವೆಯ ದಿನ ಪಿರಿಯಾಪಟ್ಟಣದ ಕಲ್ಯಾಣ ಮಂಟಪದಲ್ಲಿ, ಮುಹೂರ್ತಕ್ಕೆ ಮೊದಲು ತಿಂಡಿಯ ಸಾಲಿನಲ್ಲಿ ಒಮ್ಮೆ ಇಣುಕಿದೆ. ಬಸವಣ್ಣ, ನಸೀಮಾ ಅಕ್ಕಪಕ್ಕ ಕೂತಿದ್ದರು. ಇಬ್ಬರ ಎಲೆಯ ಪಕ್ಕದಲ್ಲೂ ಲೋಟ ಬೋರಲು ಬಿದ್ದಿತ್ತು. ಅವರೆದುರು ದೊಡ್ಡವ್ವ ನಿಂತು, ನೀರಿನ ಜಗ್ಗು ಹಿಡಿದು ಬಂದ ಬಡಿಸುವವನನ್ನು "ಇಲ್ಲಿಗೆ ಬರ್ಬ್ಯಾಡ, ಅತ್ಲಾಗೆ ನಡಿ" ಎಂದು ಓಡಿಸುತ್ತಿದ್ದರು. ಬಸವಣ್ಣನಿಗೆ ಕಾಫಿ ಬೇಕೇ ಎಂದು ಕೇಳಿ, ಸೊಂಟದ ಚೀಲದಿಂದ ಒಳಲೆ ತೆಗೆದದ್ದನ್ನೂ ನೋಡಿದೆ.

ಧಾರೆಯ ಹೊತ್ತಿಗೆ ಪುರೋಹಿತರು ನನ್ನ ಕೈಗೆ ಚೊಂಬು ಕೊಟ್ಟರು. ಹಾಲು ಬೆರೆತ ನೀರು ಬಾಯಿಮಟ್ಟ ತುಂಬಿತ್ತು. ಇಷ್ಟು ನೀರನ್ನು ನಾನು ಎರಡು ಕೈಯಲ್ಲಿ ಹಿಡಿದು ಎಷ್ಟೋ ದಿನವಾಗಿತ್ತು. ಬೆಳಗಿನಿಂದ ಗಂಟಲು ಒಣಗಿತ್ತು, ನೀರು ಮೂಗಿನ ಹತ್ತಿರವೇ ಇತ್ತು. ತಲೆಯೆತ್ತಿ ನೋಡಿದರೆ ಮೂರನೇ ಸಾಲಿನಲ್ಲಿ ಬಸವಣ್ಣ ಕುರ್ಚಿಯಿಂದ ಅರ್ಧ ಎದ್ದಿದ್ದಾರೆ. ನಸೀಮಾ ಕತ್ತು ಚಾಚಿದ್ದಾರೆ. ತೂಕದ ಯಂತ್ರ ನೋಡುವ ಅದೇ ಮುಖಗಳು.

ಕಾವ್ಯಳ ಕೈಯ ಮೇಲೆ, ಹುಡುಗನ ಕೈಯ ಮೇಲೆ ಎರೆದೆ. ನನ್ನ ಗಂಡ ಚೊಂಬಿಗೆ ಕೈ ಕೊಟ್ಟಿದ್ದರು. "ಸಾಕಮ್ಮ, ಒಂದು ಧಾರೆ ಸಾಕು" ಎಂದರು ಪುರೋಹಿತರು. ನಾನು ನಿಲ್ಲಿಸಲಿಲ್ಲ. "ಅಮ್ಮಾ, ಸೀರೆ ನೆನೀತು" ಎಂದಳು ಕಾವ್ಯ, ಅಳುತ್ತಲೇ ನಗುತ್ತಾ. ಹಿಂದಿನಿಂದ ಅಕ್ಕ "ನಿಧಾನ ಕಣಮ್ಮಿ" ಎಂದರು. ಕೊನೆಯ ಹನಿಯವರೆಗೂ ಎರೆದೆ. ಆಮೇಲೆ ಚೊಂಬನ್ನು ಬೋರಲು ಹಿಡಿದು ಮೂರನೇ ಸಾಲಿಗೆ ತೋರಿಸಿದೆ. ಬಸವಣ್ಣ ಕೂತರು.